ಫಜ್ ಮರಳಾಯಿತು, ಕುಕೀ ಹರಡಿತು: ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ: ರಜೆ ಬಂತೆಂದರೆ ಮನೆಮಂದಿಗೆಲ್ಲ ಕುಕೀ, ಬರ್ಫಿಯಂಥ ಫಜ್, ಕ್ಯಾರಮೆಲ್ ಮಾಡುವುದು ನಾನೇ. ರೆಸಿಪಿಯಲ್ಲಿ ಹೇಳಿದಷ್ಟೇ ನಿಮಿಷ ಕುದಿಸಿದರೂ ಫಜ್ ಮರಳು ಮರಳಾಗುತ್ತದೆ. ಕ್ಯಾರಮೆಲ್ ಒಮ್ಮೆ ಹಲ್ಲಿಗೆ ಅಂಟುತ್ತದೆ, ಇನ್ನೊಮ್ಮೆ ಕಡಿಯಲಿಕ್ಕೇ ಆಗುವುದಿಲ್ಲ. ನಕ್ಷತ್ರದ ಅಚ್ಚಿನಲ್ಲಿ ಕತ್ತರಿಸಿದ ಕುಕೀ ಓವನ್‌ನಿಂದ ಹೊರಬರುವಾಗ ದುಂಡಗಾಗಿರುತ್ತದೆ. ಚಾಕೊಲೇಟ್‌ನಲ್ಲಿ ಅದ್ದಿಟ್ಟರೆ ಮಾರನೇ ದಿನ ಬಿಳಿ ಕಲೆ. ಈ ಸಲ 6 ಮತ್ತು 3 ವರ್ಷದ ಮಕ್ಕಳೂ ಕೈಜೋಡಿಸುತ್ತಾರಂತೆ. ಏನನ್ನು ಸರಿಪಡಿಸಿಕೊಳ್ಳಲಿ? ಯಾವುದನ್ನು ಮೊದಲು ಮಾಡಿಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ದೂರುಗಳು ನಾಲ್ಕಿವೆ. ಆದರೆ ನನ್ನ ಕಣ್ಣು ನಿಂತದ್ದು ‘ಹೇಳಿದಷ್ಟೇ ನಿಮಿಷ’ ಅನ್ನುವ ಮಾತಿನ ಮೇಲೆ. ತೊಂದರೆ ಶುರುವಾಗುವುದೇ ಅಲ್ಲಿ. ಸಕ್ಕರೆ ಪಾಕಕ್ಕೆ ನಿಮಿಷದ ಲೆಕ್ಕ ಗೊತ್ತಿಲ್ಲ. ಪಾತ್ರೆ ಅಗಲವಿದ್ದರೆ ಬೇಗ ಆಗುತ್ತದೆ, ಕಿರಿದಾಗಿದ್ದರೆ ತಡ. ಉರಿ ಜಾಸ್ತಿಯಿದ್ದರೆ ಒಂದು ಲೆಕ್ಕ, ಕಡಿಮೆಯಿದ್ದರೆ ಇನ್ನೊಂದು. ರೆಸಿಪಿ ಬರೆದವರ ಒಲೆ, ಪಾತ್ರೆ ನಿಮ್ಮ ಮನೆಯಲ್ಲಿಲ್ಲ. ಹಾಗಿರುವಾಗ ಅವರ 12 ನಿಮಿಷ ನಿಮಗೆ ಹೇಗೆ ಹೊಂದೀತು?

ಪಾಕದಲ್ಲಿ ನೋಡಬೇಕಾದ್ದು ಬಿಸಿ ಎಷ್ಟಿದೆ ಅನ್ನುವುದನ್ನು. ಕಾರಣ ಸರಳ. ಬರೀ ನೀರು 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಅದರಲ್ಲಿ ಸಕ್ಕರೆ ಕರಗಿದ್ದರೆ ಕುದಿಯಲು ಇನ್ನಷ್ಟು ಬಿಸಿ ಬೇಕು. ನೀರು ಆವಿಯಾಗುತ್ತ ಹೋದಂತೆ ಸಕ್ಕರೆಯ ಪಾಲು ಹೆಚ್ಚುತ್ತದೆ, ಅದರ ಜೊತೆ ಬಿಸಿಯೂ ಏರುತ್ತದೆ. ಅಂದರೆ ಥರ್ಮಾಮೀಟರ್ ನಿಜವಾಗಿ ಹೇಳುತ್ತಿರುವುದು ಪಾಕದಲ್ಲಿ ಇನ್ನೆಷ್ಟು ನೀರು ಉಳಿದಿದೆ ಅನ್ನುವುದನ್ನು. 112ರಿಂದ 116 ಡಿಗ್ರಿ ಮುಟ್ಟಿದಾಗ ಪಾಕದಲ್ಲಿ ಸುಮಾರು 85 ಭಾಗ ಸಕ್ಕರೆ, 15 ಭಾಗ ನೀರು. ಇದು ಮೆತ್ತನೆಯ ಉಂಡೆ ಪಾಕ, ಫಜ್‌ಗೆ ಬೇಕಾದ್ದು. 118ರಿಂದ 120ಕ್ಕೆ ಉಂಡೆ ಸ್ವಲ್ಪ ಬಿಗಿಯಾಗುತ್ತದೆ, ಅದು ಕ್ಯಾರಮೆಲ್‌ಗೆ. 146ರಿಂದ 154ರ ಹೊತ್ತಿಗೆ ನೀರು ಹೆಚ್ಚುಕಡಿಮೆ 1 ಭಾಗ ಮಾತ್ರ. ಆಗ ಮುರಿದರೆ ಗಾಜಿನಂತೆ ಪಟ್ ಅನ್ನುವ ಟಾಫಿ, ಚಿಕ್ಕಿಯಂಥ ಬ್ರಿಟಲ್. ಫಜ್‌ಗೂ ಕ್ಯಾರಮೆಲ್‌ಗೂ ನಡುವೆ ಇರುವುದು ಮೂರ್ನಾಲ್ಕು ಡಿಗ್ರಿ ಅಷ್ಟೇ, ನೋಡಿ. ಅಷ್ಟು ಸಣ್ಣ ಅಂತರವನ್ನು ಗಡಿಯಾರದಲ್ಲಿ ಹಿಡಿಯಲು ಹೋದರೆ ಒಮ್ಮೆ ಅಂಟು, ಒಮ್ಮೆ ಗಟ್ಟಿ. ನಿಮಗೆ ಆಗಿರುವುದೂ ಅದೇ.

ಹಾಗಾಗಿ ಮೊದಲ ಖರ್ಚು ಒಂದು ಕ್ಯಾಂಡಿ ಥರ್ಮಾಮೀಟರ್. 200 ಡಿಗ್ರಿವರೆಗೆ ತೋರಿಸುವಂಥದ್ದಿರಲಿ. ತಂದ ದಿನವೇ ಅದನ್ನು ಕುದಿಯುವ ನೀರಿನಲ್ಲಿ ಇಟ್ಟು ನೋಡಿ. 100 ತೋರಿಸಬೇಕು. 97 ತೋರಿಸಿತೇ? ಥರ್ಮಾಮೀಟರ್ ತಪ್ಪಿರಬಹುದು, ಅಥವಾ ನಿಮ್ಮ ಊರು ಎತ್ತರದಲ್ಲಿರಬಹುದು. ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಮೇಲೆ ಹೋದಂತೆ ನೀರು ಸುಮಾರು 1 ಡಿಗ್ರಿ ಮೊದಲೇ ಕುದಿಯುತ್ತದೆ. ಕಾರಣ ಯಾವುದೇ ಇರಲಿ, ಪಾಕದ ಮಟ್ಟಿಗೆ ಪರಿಹಾರ ಒಂದೇ: ರೆಸಿಪಿಯ ಎಲ್ಲ ಅಂಕಿಗಳಿಂದ 3 ಕಳೆಯಿರಿ. 115 ಅಂದಿದ್ದರೆ ನಿಮಗೆ 112. ಎತ್ತರದ ಊರಿನಲ್ಲಿದ್ದು ಇದನ್ನು ಮಾಡದವರ ಫಜ್ ಯಾವಾಗಲೂ ಒಣಗಿಕೊಂಡು ಪುಡಿಪುಡಿಯಾಗುತ್ತದೆ. ಬೈಯಿಸಿಕೊಳ್ಳುವುದು ಮಾತ್ರ ರೆಸಿಪಿ.

ಥರ್ಮಾಮೀಟರಿನ ತುದಿ ಪಾತ್ರೆಯ ತಳಕ್ಕೆ ತಾಗಬಾರದು, ಆದರೆ ಪಾಕದಲ್ಲಿ ಮುಳುಗಿರಬೇಕು. ಅಗಲದ ಬಾಣಲೆಯಲ್ಲಿ ಸ್ವಲ್ಪವೇ ಪಾಕ ಮಾಡಿದರೆ ತುದಿ ಮುಳುಗುವುದೇ ಇಲ್ಲ, ತೋರಿಸುವ ಅಂಕಿ ಸುಳ್ಳಾಗುತ್ತದೆ. ಇನ್ನೊಂದು ವಿಷಯ. 104, 105ರ ಆಸುಪಾಸಿನಲ್ಲಿ ಮುಳ್ಳು ಎಷ್ಟು ಹೊತ್ತಾದರೂ ಕದಲುವುದಿಲ್ಲ. ಕಾದು ಬೇಜಾರಾಗಿ ಸುಮ್ನೆ ಫೋನ್ ನೋಡಲು ಹೋಗುತ್ತೀರಿ. 112 ದಾಟಿದ ಮೇಲೆ ಅದು ಓಡಲು ಶುರುಮಾಡುತ್ತದೆ. ಉಳಿದಿರುವ ನೀರು ಕಡಿಮೆ, ಆದ್ದರಿಂದ ಏರಿಕೆ ಜೋರು. ಆ ಹೊತ್ತಿಗೆ ಉರಿ ಸಣ್ಣಗಿರಲಿ. ದಪ್ಪ ತಳದ ಪಾತ್ರೆಯಾದರೆ ಬೇಕಾದ್ದಕ್ಕಿಂತ 1 ಡಿಗ್ರಿ ಮೊದಲೇ ಇಳಿಸಿ, ಉಳಿದದ್ದನ್ನು ಪಾತ್ರೆಯ ಬಿಸಿಯೇ ಮುಗಿಸುತ್ತದೆ.

ಥರ್ಮಾಮೀಟರ್ ಇದ್ದರೂ ತಣ್ಣೀರಿನ ಪರೀಕ್ಷೆ ಬಿಡಬೇಡಿ, ಅದು ನಿಮ್ಮ ಸಾಕ್ಷಿ. ಒಂದು ಬಟ್ಟಲು ತಣ್ಣಗಿನ ನೀರು ಪಕ್ಕದಲ್ಲಿರಲಿ. ಒಲೆಯಿಂದ ಪಾತ್ರೆ ಇಳಿಸಿ (ಪರೀಕ್ಷೆ ಮಾಡುವಷ್ಟರಲ್ಲಿ ಪಾಕ ಮುಂದೆ ಹೋಗಬಾರದು ಅಲ್ವಾ), ಅರ್ಧ ಚಮಚ ಪಾಕವನ್ನು ನೀರಿಗೆ ಬಿಡಿ. ಒಂದೆರಡು ಕ್ಷಣ ಬಿಟ್ಟು ನೀರಿನೊಳಗೇ ಬೆರಳಿನಿಂದ ಕೂಡಿಸಿ. ಕೈಗೆ ಸಿಗದೆ ನೂಲಿನಂತೆ ಹರಡಿದರೆ ಇನ್ನೂ ಆಗಿಲ್ಲ. ಉಂಡೆ ಕಟ್ಟಲು ಬರುತ್ತದೆ, ಆದರೆ ನೀರಿನಿಂದ ಎತ್ತಿದ ಕೂಡಲೇ ಬೆರಳ ಮೇಲೆ ಚಪ್ಪಟೆಯಾಗಿ ಕುಸಿಯುತ್ತದೆ ಅಂದರೆ ಫಜ್‌ಗೆ ಸರಿ. ಎತ್ತಿದಾಗಲೂ ದುಂಡಗೇ ಉಳಿದು, ಒತ್ತಿದರೆ ಮಾತ್ರ ಬಗ್ಗುತ್ತದೆ ಅಂದರೆ ಕ್ಯಾರಮೆಲ್. ಟಾಫಿಯ ಹದದಲ್ಲಿ ನೀರಿಗೆ ಬಿದ್ದ ಪಾಕ ಚಿಟಿಚಿಟಿ ಸದ್ದು ಮಾಡಿ ಎಳೆಎಳೆಯಾಗಿ ಗಟ್ಟಿಯಾಗುತ್ತದೆ, ಬಗ್ಗಿಸಿದರೆ ಮುರಿಯುತ್ತದೆ. ಕ್ಯಾರಮೆಲ್ ತಣ್ಣೀರಿನಲ್ಲಿ ಹೇಗಿದೆಯೋ ನಾಳೆ ಬಾಯಲ್ಲೂ ಹಾಗೇ ಇರುತ್ತದೆ. ಬೆರಳಿಗೆ ಇಷ್ಟವಾದ ಗಟ್ಟಿತನದಲ್ಲೇ ನಿಲ್ಲಿಸಿ, ಅಂಕಿಯ ಮುಲಾಜು ನೋಡಬೇಡಿ.

ಈಗ ಮರಳಿನ ಕಥೆ. ಇದರಲ್ಲಿ ತಪ್ಪು ಹದದ್ದಿರಲಿಕ್ಕಿಲ್ಲ, ಕೈಯದ್ದು. ಫಜ್‌ನಲ್ಲಿ ಸಕ್ಕರೆ ಹರಳು ಇರಲೇಬೇಕು, ಆದರೆ ನಾಲಿಗೆಗೆ ಗೊತ್ತಾಗದಷ್ಟು ಸಣ್ಣವು. ಪಾಕ ಬಿಸಿಯಿರುವಾಗಲೇ ಹರಳು ಕಟ್ಟಲು ಶುರುವಾದರೆ ಹರಳುಗಳು ಕೆಲವೇ ಆಗುತ್ತವೆ, ದೊಡ್ಡದಾಗಿ ಬೆಳೆಯುತ್ತವೆ. ಅದೇ ನಿಮ್ಮ ಹಲ್ಲಿಗೆ ಸಿಗುವ ಮರಳು. ಚೆನ್ನಾಗಿ ತಣಿದ ಮೇಲೆ ಒಮ್ಮೆಗೇ ಕಡೆದರೆ ಲೆಕ್ಕವಿಲ್ಲದಷ್ಟು ಪುಟ್ಟ ಹರಳುಗಳು ಒಟ್ಟಿಗೆ ಹುಟ್ಟುತ್ತವೆ, ಯಾವುದಕ್ಕೂ ಬೆಳೆಯಲು ಜಾಗ ಇರುವುದಿಲ್ಲ. ಬಾಯಿಗೆ ನುಣ್ಣಗೆ.

ಆದ್ದರಿಂದ ಕುದಿ ಬರುವ ಮೊದಲು ಸಕ್ಕರೆ ಪೂರ್ತಿ ಕರಗಿರಬೇಕು. ಪಾತ್ರೆಯ ಒಳಬದಿಗೆ ಮೆತ್ತಿಕೊಂಡ ಕಾಳುಗಳನ್ನು ಒದ್ದೆ ಬ್ರಷ್‌ನಿಂದ ಇಳಿಸಿ. ಇಲ್ಲವೇ ಮುಚ್ಚಳ ಹಾಕಿ ಎರಡು ನಿಮಿಷ ಕುದಿಸಿ, ಆವಿಯೇ ತೊಳೆಯುತ್ತದೆ. ಪಾಕಕ್ಕೆ ಬಿದ್ದ ಒಂದು ಕಾಳು ಸಾಕು, ಅದನ್ನೇ ಹಿಡಿದುಕೊಂಡು ಉಳಿದದ್ದೂ ಹರಳಾಗುತ್ತದೆ. 114 ಡಿಗ್ರಿಗೆ ಇಳಿಸಿದ ಮೇಲೆ ಬೆಣ್ಣೆಯನ್ನು ಮೇಲಿಟ್ಟು ಬಿಡಿ. ಕಲಕಬೇಡಿ, ಅಲುಗಾಡಿಸಬೇಡಿ, ಸೌಟಿನಿಂದ ರುಚಿ ನೋಡಲೂ ಬೇಡಿ. 45 ಡಿಗ್ರಿಗೆ ಬರುವವರೆಗೆ ಅದು ಅಲ್ಲೇ ಇರಲಿ, ಪಾತ್ರೆಯ ತಳ ಮುಟ್ಟಿದರೆ ಬೆಚ್ಚಗೆ ಅನ್ನಿಸಬೇಕು ಅಷ್ಟೆ. ಆಮೇಲೆ ಮರದ ಸೌಟು ಹಿಡಿದು ಕಡೆಯಿರಿ. ಮೊದಲು ಹೊಳೆಯುವ ಜಿಗುಟು. ಕೈ ಸೋಲುವ ಹೊತ್ತಿಗೆ ಅದು ದಪ್ಪವಾಗಿ ಬಣ್ಣ ತಿಳಿಯಾಗುತ್ತದೆ. ಸೌಟು ಎತ್ತಿದಾಗ ಬಿದ್ದ ಗೆರೆ ಅಳಿಸದೆ ನಿಲ್ಲುತ್ತದೆ, ಮೇಲಿನ ಹೊಳಪು ಮಂಕಾಗುತ್ತದೆ. ಅದೇ ಕ್ಷಣ ತಟ್ಟೆಗೆ ಸುರಿಯಿರಿ. ಅರ್ಧ ನಿಮಿಷ ತಡವಾದರೂ ಪಾತ್ರೆಯಲ್ಲೇ ಕೂತುಬಿಡುತ್ತದೆ. ತಟ್ಟೆಗೆ ಮೊದಲೇ ಬೆಣ್ಣೆ ಸವರಿಟ್ಟಿರಿ ಅಂತ ಬೇರೆ ಹೇಳಬೇಕಿಲ್ಲ. ಸುರಿದ ಮೇಲೆ ಪಾತ್ರೆ ಕೆರೆದು ಅದರ ಮೇಲೆ ಹಾಕಬೇಡಿ. ಆ ಕೆರೆದದ್ದು ಮರಳೇ, ಅದನ್ನು ಮಾಡಿದವರು ತಿನ್ನಲಿ.

ಪಾಕಕ್ಕೆ ಒಂದೆರಡು ಚಮಚ ಗ್ಲೂಕೋಸ್ ಸಿರಪ್ ಸೇರಿಸಿದರೆ ಹರಳು ಕಟ್ಟುವುದು ನಿಧಾನವಾಗುತ್ತದೆ. ಹಾಲಿಲ್ಲದ ಪಾಕವಾದರೆ ನಾಲ್ಕು ಹನಿ ನಿಂಬೆರಸವೂ ಆದೀತು. ಹುಳಿಯಲ್ಲಿ ಕುದಿದಾಗ ಸಕ್ಕರೆಯ ಒಂದು ಪಾಲು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತದೆ, ಅವು ಹರಳಿನ ಜೋಡಣೆಗೆ ಅಡ್ಡ ಬರುತ್ತವೆ. ಹಾಲಿನ ಪಾಕಕ್ಕೆ ಮಾತ್ರ ನಿಂಬೆ ಹಿಂಡಿದಿರೋ, ಹಾಲು ಒಡೆದುಹೋಗುತ್ತದೆ.

ಹಾಳಾದ ಫಜ್ ಬಿಸಾಡುತ್ತೀರಾ? ಬೇಡ. ಮರಳಾದದ್ದನ್ನು ತುಂಡು ಮಾಡಿ, ಒಂದು ಕಪ್ ನೀರು ಹಾಕಿ, ಸಣ್ಣ ಉರಿಯಲ್ಲಿ ಪೂರ್ತಿ ಕರಗಿಸಿ ಮತ್ತೆ 114ಕ್ಕೆ ತನ್ನಿ. ಹೋಗುವುದು ಒಂದಿಷ್ಟು ಸಮಯ ಮಾತ್ರ. ಅಂಟುವ ಕ್ಯಾರಮೆಲ್‌ಗೆ ಎರಡು ಚಮಚ ನೀರು ಹಾಕಿ ಕರಗಿಸಿ ಎರಡು ಡಿಗ್ರಿ ಮುಂದಕ್ಕೆ ಕುದಿಸಿ. ಗಟ್ಟಿಯಾದದ್ದಕ್ಕೆ ನೀರು ಸ್ವಲ್ಪ ಜಾಸ್ತಿ ಹಾಕಿ ಕರಗಿಸಿ, ಈ ಸಲ ಮೊದಲೇ ನಿಲ್ಲಿಸಿ. ಸೀದು ಕಹಿಯಾದದ್ದೊಂದನ್ನು ಬಿಟ್ಟರೆ ಪಾಕದಲ್ಲಿ ತಿದ್ದಲಾಗದ ತಪ್ಪು ಕಡಿಮೆ.

ಕ್ಯಾರಮೆಲ್‌ಗೆ ನಾನು ನೆಚ್ಚಿಕೊಂಡಿರುವ ಅಳತೆ ಇದು: ಸಕ್ಕರೆ 200 ಗ್ರಾಂ, ಗ್ಲೂಕೋಸ್ ಸಿರಪ್ 150 ಗ್ರಾಂ, ಕ್ರೀಮ್ 240 ಮಿಲಿ, ಬೆಣ್ಣೆ 60 ಗ್ರಾಂ, ಉಪ್ಪು ಅರ್ಧ ಚಮಚ. ಇಷ್ಟು ಪ್ರಮಾಣಕ್ಕೆ ಮೂರು ಲೀಟರಿನ ಪಾತ್ರೆ ಇಡಿ, ಕ್ರೀಮ್ ಉಕ್ಕುತ್ತದೆ. ಎಲ್ಲವನ್ನೂ ಒಟ್ಟಿಗೆ ಹಾಕಿ ಮಧ್ಯಮ ಉರಿಯಲ್ಲಿ ಕಲಕುತ್ತ 118 ಡಿಗ್ರಿಗೆ ತನ್ನಿ. ಬಟರ್ ಪೇಪರ್ ಹಾಸಿದ 20 ಸೆಂಟಿಮೀಟರ್ ಚೌಕದ ತಟ್ಟೆಗೆ ಸುರಿದು ರಾತ್ರಿಯಿಡೀ ಬಿಡಿ. ಆ ಕಂದು ಬಣ್ಣ, ಘಮ ಬಹುಪಾಲು ಹಾಲಿನ ಪ್ರೋಟೀನ್ ಮತ್ತು ಸಕ್ಕರೆ ಬಿಸಿಯಲ್ಲಿ ಸೇರಿ ಹುಟ್ಟಿದ್ದು. ಬರೀ ಸಕ್ಕರೆ ಬಣ್ಣ ತಿರುಗಲು 160 ಡಿಗ್ರಿಯಾದರೂ ಬೇಕು, ನೀವು ಅಲ್ಲಿಗೆ ಹೋಗುವುದೇ ಇಲ್ಲ. ಅದಕ್ಕೇ ಉರಿ ಜೋರು ಮಾಡಿ ಬೇಗ ಮುಗಿಸಿದ ಕ್ಯಾರಮೆಲ್ ಹದ ಸರಿಯಿದ್ದರೂ ರುಚಿಯಲ್ಲಿ ಸಪ್ಪೆ.

ಟಾಫಿ ಮಾಡುವಾಗ ಬೆಣ್ಣೆ ಬೇರೆಯಾಗಿ ತೇಲಿದರೆ ಗಾಬರಿ ಬೇಡ. ಉರಿ ಇದ್ದಕ್ಕಿದ್ದಂತೆ ಏರಿಸಿ ಇಳಿಸಿದರೆ ಹೀಗಾಗುತ್ತದೆ. ಒಂದು ಚಮಚ ಬಿಸಿನೀರು ಹಾಕಿ ಹುಷಾರಾಗಿ ಕಲಕಿ, ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. ಮಳೆ ಬರುವ ದಿನ ಟಾಫಿ ಕೆಲಸಕ್ಕೆ ಕೈಹಾಕಬೇಡಿ. ಸಕ್ಕರೆ ಗಾಳಿಯ ತೇವ ಹೀರುತ್ತದೆ, ಸಂಜೆಯೊಳಗೆ ಅಂಟಂಟು.

ಕುಕೀ ದುಂಡಗಾಗುವುದಕ್ಕೂ ಬಿಸಿಯೇ ಕಾರಣ, ಆದರೆ ಈ ಸಲ ಬೆಣ್ಣೆಯದ್ದು. ಓವನ್ ಒಳಗೆ ಎರಡು ಕೆಲಸ ಪೈಪೋಟಿಯಲ್ಲಿ ನಡೆಯುತ್ತವೆ. ಬೆಣ್ಣೆ ಕರಗಿ ಹಿಟ್ಟನ್ನು ಹರಡುತ್ತದೆ, ಹಿಟ್ಟು ಮತ್ತು ಮೊಟ್ಟೆ ಬೆಂದು ಆಕಾರವನ್ನು ಹಿಡಿದು ನಿಲ್ಲಿಸುತ್ತವೆ. ಬೆಣ್ಣೆ ಸುಮಾರು 32ರಿಂದ 35 ಡಿಗ್ರಿಗೇ ಕರಗುತ್ತದೆ. ಅಡುಗೆಮನೆಯ ಸೆಕೆಯಲ್ಲಿ ಮೆತ್ತಗಾದ ಹಿಟ್ಟನ್ನು ಒಳಗಿಟ್ಟರೆ ಪೈಪೋಟಿ ಶುರುವಾಗುವ ಮೊದಲೇ ಬೆಣ್ಣೆ ಗೆದ್ದಿರುತ್ತದೆ.

ಬೆಣ್ಣೆ ಮತ್ತು ಸಕ್ಕರೆ ನಾದುವಾಗ ಬೆಣ್ಣೆ 18ರಿಂದ 20 ಡಿಗ್ರಿ ಇರಲಿ. ಬೆರಳಿಟ್ಟರೆ ಗುಳಿ ಬೀಳಬೇಕು, ಬೆರಳಿಗೆ ಜಿಡ್ಡು ಮೆತ್ತಬಾರದು. ಹಿಟ್ಟು ಕಲಸಿದ ಕೂಡಲೇ, ಮೆತ್ತಗಿರುವಾಗಲೇ, ಎರಡು ಬಟರ್ ಪೇಪರ್ ನಡುವೆ 5 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ. ಆಮೇಲೆ ಆ ಹಾಳೆಯನ್ನು ಹಾಗೇ ಫ್ರಿಜ್‌ನಲ್ಲಿ ಒಂದು ಗಂಟೆ ಇಡಿ. ಬಹಳ ಜನ ಉಂಡೆ ಮಾಡಿ ತಣ್ಣಗಾಗಿಸಿ, ಕಲ್ಲಾದ ಉಂಡೆಯ ಜೊತೆ ಲಟ್ಟಣಿಗೆ ಹಿಡಿದು ಜಗಳಕ್ಕೆ ನಿಲ್ಲುತ್ತಾರೆ, ಅದು ಬೇಕಿಲ್ಲ. ತಣ್ಣಗಿನ ಹಾಳೆಯಿಂದ ನಕ್ಷತ್ರ ಕತ್ತರಿಸಿ, ತಟ್ಟೆಯ ಸಮೇತ 15 ನಿಮಿಷ ಫ್ರೀಜರ್‌ನಲ್ಲಿಟ್ಟು, ಅಲ್ಲಿಂದ ನೇರ ಓವನ್‌ಗೆ. ಅಂಚು ಚೂಪಾಗಿಯೇ ಉಳಿಯುತ್ತದೆ. ಅಚ್ಚಿನ ಕುಕೀಗೆ ಬೇಕಿಂಗ್ ಸೋಡಾ ಬೇಡವೇ ಬೇಡ. ತಟ್ಟೆಗೆ ಎಣ್ಣೆಯೂ ಬೇಡ, ಬಟರ್ ಪೇಪರ್ ಸಾಕು.

ಎರಡನೇ ಸುತ್ತಿನ ಕುಕೀಗಳು ಮೊದಲ ಸುತ್ತಿಗಿಂತ ಜಾಸ್ತಿ ಹರಡುತ್ತವೆಯೇ? ಬಿಸಿ ತಟ್ಟೆಯ ಮೇಲೇ ಹಿಟ್ಟು ಇಡುತ್ತಿದ್ದೀರಿ. ತಟ್ಟೆ ತಣ್ಣಗಾಗಲಿ, ಇಲ್ಲವೇ ಎರಡು ತಟ್ಟೆ ಇಟ್ಟುಕೊಳ್ಳಿ. ಮನೆಯ ಓವನ್‌ನ ಗುಂಡಿ 175 ಅಂದರೂ ಒಳಗೆ ಹತ್ತಿಪ್ಪತ್ತು ಡಿಗ್ರಿ ಆಚೀಚೆ ಇರುವುದು ಮಾಮೂಲು. ಕಡ್ಡಿಗೆ ತೂಗುಹಾಕುವ ಓವನ್ ಥರ್ಮಾಮೀಟರ್ ಒಂದಿದ್ದರೆ ಊಹಿಸುವ ಕಷ್ಟ ತಪ್ಪುತ್ತದೆ. ಅಂಚು ಬಣ್ಣ ತಿರುಗುವಾಗಲೇ ಹೊರಗೆ ತೆಗೆಯಿರಿ. ನಡುವೆ ಇನ್ನೂ ಮೆತ್ತಗೆ ಕಾಣುತ್ತದೆ, ಬಿಸಿ ತಟ್ಟೆಯ ಮೇಲೆ ಮೂರು ನಿಮಿಷ ಬಿಟ್ಟರೆ ಆಗುತ್ತದೆ. ಇನ್ನು ಮೈದಾ: ಕಪ್ಪಿನಲ್ಲಿ ಅಳೆಯಬೇಡಿ. ಹಗುರವಾಗಿ ತುಂಬಿದ ಕಪ್ 120 ಗ್ರಾಂ, ಅದೇ ಕಪ್ಪನ್ನು ಡಬ್ಬಕ್ಕೆ ಅದ್ದಿ ಅದುಮಿ ತೆಗೆದರೆ 150 ತೂಗಬಹುದು. ತಕ್ಕಡಿ ಇಟ್ಟುಕೊಳ್ಳಿ.

ಚಾಕೊಲೇಟಿನ ಬಿಳಿ ಕಲೆ ಬೂಸ್ಟಲ್ಲ. ಕೋಕೋ ಬೆಣ್ಣೆ ಸರಿಯಾದ ಹರಳಾಗಿ ಕೂರದೆ ಮೇಲಕ್ಕೆ ಬಂದಿದೆ ಅಷ್ಟೆ, ತಿನ್ನಬಹುದು. ಹೊಳಪು ಬೇಕಿದ್ದರೆ ಹದ ಮಾಡಿಯೇ ಅದ್ದಬೇಕು. ಕಪ್ಪು ಚಾಕೊಲೇಟಿನ ಮೂರರಲ್ಲಿ ಎರಡು ಪಾಲನ್ನು 45ರಿಂದ 48 ಡಿಗ್ರಿವರೆಗೆ ಕರಗಿಸಿ. ಉಳಿದ ಒಂದು ಪಾಲನ್ನು ಸಣ್ಣಗೆ ಹೆಚ್ಚಿ ಸ್ವಲ್ಪಸ್ವಲ್ಪವೇ ಹಾಕುತ್ತ 31, 32ಕ್ಕೆ ಇಳಿಯುವವರೆಗೆ ಕಲಕಿ. ಹಾಲಿನ ಚಾಕೊಲೇಟ್ ಆದರೆ 29, 30. ಕರಗದ ಚೂರುಗಳಲ್ಲಿ ಸರಿಯಾದ ಹರಳು ಮೊದಲೇ ಇರುತ್ತದೆ, ಉಳಿದದ್ದು ಅದನ್ನು ನೋಡಿ ಕೂರುತ್ತದೆ. ಚಾಕುವಿನ ತುದಿಗೆ ಸ್ವಲ್ಪ ಸವರಿ ಇಡಿ, ಐದು ನಿಮಿಷದಲ್ಲಿ ಹೊಳಪಿನಿಂದ ಗಟ್ಟಿಯಾದರೆ ಹದ ಬಂದಿದೆ. ಒಂದು ಹನಿ ನೀರು ಬಿದ್ದರೂ ಇಡೀ ಬಟ್ಟಲು ಮುದ್ದೆ ಕಟ್ಟುತ್ತದೆ, ಸೌಟು ಬಟ್ಟಲು ಒಣಗಿರಲಿ. ಅದ್ದಿದ್ದನ್ನು ಫ್ರಿಜ್‌ನಲ್ಲಿಟ್ಟು ಹೊರತೆಗೆದರೆ ಮೇಲೆ ನೀರಾಡಿ ಇನ್ನೊಂದು ಬಗೆಯ ಕಲೆ ಬರುತ್ತದೆ. ಇಷ್ಟೆಲ್ಲ ತಾಳ್ಮೆ ಇಲ್ಲ ಅಂದರೆ ಕಾಂಪೌಂಡ್ ಚಾಕೊಲೇಟ್ ಕರಗಿಸಿ ಅದ್ದಿ. ಅದರಲ್ಲಿ ಕೋಕೋ ಬೆಣ್ಣೆಯ ಜಾಗದಲ್ಲಿ ಬೇರೆ ಸಸ್ಯಜನ್ಯ ಕೊಬ್ಬು ಇರುತ್ತದೆ, ಹದ ಮಾಡುವ ಗೋಜಿಲ್ಲ. ರುಚಿ ಒಂದು ಮೆಟ್ಟಿಲು ಕೆಳಗೆ, ಆದರೆ ಮಕ್ಕಳು ಇದರ ಬಗ್ಗೆ ತಕರಾರು ಮಾಡಿದ್ದನ್ನು ನಾನು ಕಂಡಿಲ್ಲ.

ಮಕ್ಕಳ ವಿಷಯದಲ್ಲಿ ನನ್ನದು ಕಟ್ಟುನಿಟ್ಟು. ಪಾಕ ಒಲೆಯ ಮೇಲಿರುವಾಗ ಇಬ್ಬರೂ ಅಡುಗೆಮನೆಯಲ್ಲಿ ಇರಬಾರದು, 6 ವರ್ಷದ್ದೂ ಸೇರಿ. ಕುದಿನೀರು ಮೈಮೇಲಿಂದ ಜಾರಿ ಹೋಗುತ್ತದೆ. 120, 150 ಡಿಗ್ರಿಯ ಪಾಕ ಅಂಟಿಕೊಂಡು ಅಲ್ಲೇ ಸುಡುತ್ತಿರುತ್ತದೆ. ದೊಡ್ಡವರಿಗೇ ಸಿಡಿದರೂ ಕೂಡಲೇ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಐಸ್, ಬೆಣ್ಣೆ, ಟೂತ್‌ಪೇಸ್ಟ್ ಯಾವುದೂ ಬೇಡ. ಮಗುವಿಗೆ ತಾಗಿದರೆ, ಅಥವಾ ದೊಡ್ಡ ಗುಳ್ಳೆ ಎದ್ದರೆ, ಡಾಕ್ಟರಿಗೆ ತೋರಿಸಿ. ಮಕ್ಕಳಿಗೆ ಕುಕೀ ದಿನ ಬಿಟ್ಟುಕೊಡಿ: ಅಚ್ಚು ಒತ್ತುವುದು, ಐಸಿಂಗ್ ಹಚ್ಚುವುದು, ಬಣ್ಣದ ಕಾಳು ಉದುರಿಸುವುದು, ಕ್ಯಾರಮೆಲ್‌ಗೆ ಕಾಗದ ಸುತ್ತುವುದು. ಹಸಿ ಹಿಟ್ಟು ನೆಕ್ಕಲು ಬಿಡಬೇಡಿ. ಮೊಟ್ಟೆಯ ಅಪಾಯ ಎಲ್ಲರಿಗೂ ಗೊತ್ತು, ಹಸಿ ಮೈದಾದಲ್ಲೂ ರೋಗಾಣು ಇರಬಹುದು ಅನ್ನುವುದು ಅಷ್ಟಾಗಿ ಗೊತ್ತಿಲ್ಲ. ಐಸಿಂಗ್‌ಗೆ ಹಸಿ ಬಿಳಿಲೋಳೆಯ ಬದಲು ಪುಡಿಸಕ್ಕರೆಗೆ ಒಂದೆರಡು ಚಮಚ ಹಾಲು ಸಾಕು. ಮತ್ತೆ, 3 ವರ್ಷದ ಮಗುವಿಗೆ ಟಾಫಿ, ಗಟ್ಟಿ ಕ್ಯಾಂಡಿ, ಅಂಟು ಕ್ಯಾರಮೆಲ್, ಇಡೀ ಬಾದಾಮಿ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಅದರ ಪಾಲಿಗೆ ಕುಕೀ ಮತ್ತು ಮೆತ್ತನೆಯ ಫಜ್ ಇದೆಯಲ್ಲ.

ಯಾವುದು ಮೊದಲು ಅಂದರೆ, ಕುಕೀ ಹಿಟ್ಟು. ಲಟ್ಟಿಸಿದ ಹಾಳೆಗಳನ್ನು ಗಾಳಿಯಾಡದಂತೆ ಸುತ್ತಿ ಫ್ರೀಜರ್‌ಗೆ ಹಾಕಿದರೆ ಒಂದು ತಿಂಗಳಿಗೂ ಏನಾಗುವುದಿಲ್ಲ. ಎರಡು ವಾರ ಮೊದಲು ಒಂದು ಒಣ ದಿನ ನೋಡಿ ಟಾಫಿ, ಅದರ ಮರುದಿನ ಕ್ಯಾರಮೆಲ್. ಒಂದು ವಾರ ಇರುವಾಗ ಫಜ್. ಕುಕೀ ಬೇಯಿಸಿ ಅಲಂಕಾರ ಮಾಡುವುದು ಕೊನೆಯ ಎರಡು ದಿನಕ್ಕಿರಲಿ, ಅಷ್ಟರಲ್ಲಿ ಮಕ್ಕಳಿಗೂ ರಜೆ ಸಿಕ್ಕಿರುತ್ತದೆ. ಒಂದೇ ದಿನ ಎಲ್ಲವನ್ನೂ ಮುಗಿಸುತ್ತೇನೆ ಅನ್ನುವ ಹುಮ್ಮಸ್ಸು ಬೇಡ. ಸುಸ್ತಾದ ಕೈಯಲ್ಲಿ ಪಾಕ ಹಿಡಿಯುವುದು ಒಳ್ಳೆಯದಲ್ಲ.

ತುಂಬಿಡುವಾಗ ಗರಿಗರಿಯಾದದ್ದನ್ನೂ ಮೆತ್ತನೆಯದ್ದನ್ನೂ ಒಂದೇ ಡಬ್ಬಕ್ಕೆ ಹಾಕಬೇಡಿ. ಫಜ್‌ನ ತೇವ ಕುಕೀಗೆ ದಾಟುತ್ತದೆ, ಎರಡು ದಿನದಲ್ಲಿ ಕುಕೀ ಮೆತ್ತಗೆ, ಫಜ್ ಒಣಕಲು. ಕ್ಯಾರಮೆಲ್ ಒಂದೊಂದನ್ನೂ ಬಟರ್ ಪೇಪರಿನಲ್ಲಿ ಸುತ್ತಿ, ಬಿಚ್ಚಿಟ್ಟರೆ ಎಲ್ಲ ಸೇರಿ ಒಂದೇ ಗಟ್ಟಿಯಾಗುತ್ತದೆ. ಪುದೀನ ಪರಿಮಳದ ಕ್ಯಾಂಡಿ ಮಾಡುವುದಿದ್ದರೆ ಅದಕ್ಕೆ ಪ್ರತ್ಯೇಕ ಡಬ್ಬ, ಸಾಧ್ಯವಾದರೆ ಪ್ರತ್ಯೇಕ ಕಪಾಟು.